ಬಾವಲಿಯ ಬುಡದಲ್ಲಿ

ಹಳಿ ಮೇಲೆ, ಜನ ಕೆಳಗೆ.
ಕಾಲಿಗೆ ನೆಲವಿಲ್ಲದ ಗಾಡಿ, ಹಾಗಾಗಿ
ಚಪ್ಪಲಿ ಬಿಚ್ಚಬೇಕು. ಬಿಚ್ಚಿದ್ದನ್ನು
ನಾನು ಕಾಯಬೇಕು.
ತಗಡಿನ ಬಿಲ್ಲೆ, ನಂಬರು, ಜೋಡಿಗೆ ಐದು ರೂಪಾಯಿ.
ಬಾತಿ ಗುಡ್ಡದ ಆಚೆ, ಹೈವೇ ಪಕ್ಕ, ಆರು ವರ್ಷದಿಂದ
ದಾವಣಗೆರೆಯ ಅಂಗಾಲುಗಳನ್ನು
ಕೆಳಗೆ ನಿಂತು ಓದಿಕೊಂಡಿದ್ದೇನೆ.

ಬೋರ್ಡಿನಲ್ಲಿ ಅದಕ್ಕೆ ಏನೋ ಇಂಗ್ಲಿಷು ಹೆಸರಿತ್ತು,
ಬಿಸಿಲು ತಿಂದಿತು. ಈಗ ಎಲ್ಲರಿಗೂ ಅದು ಬಾವಲಿ.
ಯಾವ ದೇಶದಲ್ಲೋ ಓಡಿ ಸವೆದದ್ದು,
ಬಿಚ್ಚಿ, ಹಡಗಿಗೆ ಹಾಕಿ, ಹನ್ನೆರಡು ಲಾರಿಯಲ್ಲಿ ಬಂತು.
ಜೋಡಿಸಿದ ಮೇಲೆ ನಾಲ್ಕು ಬೋಲ್ಟು ಉಳಿದವಂತೆ
ಎಂದು ಮಂದಿ ಆಡಿಕೊಳ್ಳುತ್ತಾರೆ.
ದಾದಾಪೀರ್ ನಗುತ್ತಾನೆ, ಅಲ್ಲ ಅನ್ನುವುದಿಲ್ಲ;
ಅಲ್ಲ ಅಂದರೆ ಸಾಲು ಕರಗುತ್ತದೆ, ಅವನಿಗೆ ಗೊತ್ತು.
ಬೆಳಿಗ್ಗೆ ಐದೂವರೆಗೆ ಸ್ಪ್ಯಾನರ್ ಹಿಡಿದು ಹಳಿ ಹತ್ತಿ
ಒಂದೊಂದು ಬೋಲ್ಟನ್ನೂ ಬಡಿದು
ಕಿವಿಗೊಟ್ಟು ಕೇಳುವವನೂ ಅವನೇ.

ಮೊದಲ ತಿರುವು ಮುದ್ದಿಸುತ್ತದೆ.
ಎರಡನೆಯದರಲ್ಲಿ ಆಕಾಶ ಕಾಲಡಿಗೆ.
ಮೂರನೆಯದು ಕಪಾಳಕ್ಕೆ:
ಹೆಗಲ ಕಬ್ಬಿಣ ಎಡಗಿವಿಗೆ ಢಣ್, ಬಲಗಿವಿಗೆ ಢಣ್.
ಇಳಿದವರು ಕತ್ತು ನೀವಿಕೊಳ್ಳುತ್ತಾ
ಅದರ ವಂಶವನ್ನೆಲ್ಲ ಬೈಯುತ್ತಾ
ಮತ್ತೆ ಟಿಕೇಟಿನ ಕಿಟಕಿಗೆ.

ಮಂಡಕ್ಕಿ ಭಟ್ಟಿಯವರ ಹಿಮ್ಮಡಿ ಬೂದಿಬಣ್ಣ, ಉಜ್ಜಿದರೂ ಹೋಗದು.
ನರ್ಸಿಂಗ್ ಹುಡುಗಿಯರಿಗೆ ಕಾಲುಚೀಲದ ಗೆರೆ.
ಮೊನ್ನೆ ಮದುವೆಯಾದವಳು, ಕಾಲುಂಗುರ ಬಿದ್ದೀತೆಂದು
ಸುತ್ತು ಪೂರ್ತಿ ಬೆರಳು ಮುದುಡಿಕೊಂಡೇ ಹೋದಳು.
ಹಮಾಲಿ ಕೊಟ್ರೇಶಿಯ ಪಾದ
ದಿನಾ ಮೆಕ್ಕೆಜೋಳದ ಚೀಲ ಹೊತ್ತು ಚಪ್ಪಟೆ;
ಮೇಲೆ ಹೋದಾಗ ಮಾತ್ರ ಅದರ ಬೆರಳು
ಕೂಸಿನ ಬೆರಳಿನ ಹಾಗೆ ಬಿಚ್ಚಿಕೊಳ್ಳುತ್ತವೆ.
ಚೀರುವುದು ಬಾಯಿ ಅಂತೀರಿ.
ಅಂಗಾಲು ಅದಕ್ಕೂ ಮೊದಲೇ ಚೀರಿರುತ್ತದೆ.

ಹೋದ ವರ್ಷ ಪಕ್ಕದಲ್ಲೇ ಹೊಸದೊಂದು ಬಂತು,
ನೀಲಿ ಬಣ್ಣ, ಸದ್ದೇ ಇಲ್ಲ, ಬೆಣ್ಣೆಯ ಹಾಗೆ ಜಾರುತ್ತದೆ.
"ಬೆಣ್ಣೆ ಬೇಕಾಗಿದ್ರೆ ದೋಸೆ ಅಂಗಡಿಗೆ ಹೋಗ್ತಿದ್ವಿ"
ಅಂದನೊಬ್ಬ, ಬಾವಲಿಯ ಸಾಲಿಗೆ ಸರಿಯುತ್ತಾ.

ಮ್ಯಾನೇಜರು ಆಮೇಲೆ ಹೆಗಲ ಕಬ್ಬಿಣಕ್ಕೆ
ಮೂರಿಂಚು ರಬ್ಬರು ಸುತ್ತಿಸಿದರು.
ಕೊಟ್ರೇಶಿ ಇಳಿದು ಬಂದು ಕಿವಿ ಮುಟ್ಟಿ ನೋಡಿಕೊಂಡ:
"ಯಕ್ಕಾ, ಯಾಕೋ ಇವತ್ತು ಅದು ಮಾತಾಡಿಸಲಿಲ್ಲ."
ತಿಂಗಳೊಳಗೆ ರಬ್ಬರೆಲ್ಲ
ಉಗುರಿನಲ್ಲಿ ಚಿವುಟಿ ಚಿವುಟಿ ಖಾಲಿ.
ಯಾರು ಅಂತ ಯಾರೂ ಕೇಳಲಿಲ್ಲ.

ನಾನು ಹತ್ತಿದ್ದು ಒಂದೇ ಸಲ.
ಗೇಟು ಮುಚ್ಚಿದ ಮೇಲೆ, ಕೊನೇ ಖಾಲಿ ಸುತ್ತು.
"ಹತ್ತು ಹಾಲಮ್ಮ, ಹೆಂಗೂ ಓಡಿಸಬೇಕು" ಅಂದ ದಾದಾಪೀರ್.
ನನ್ನ ಚಪ್ಪಲಿಯನ್ನು ನನ್ನದೇ ಗೂಡಿನಲ್ಲಿಟ್ಟೆ,
ಬಿಲ್ಲೆಯನ್ನು ನನಗೆ ನಾನೇ ಕೊಟ್ಟುಕೊಂಡೆ.

ಲಾರಿ ದೀಪಗಳು ನೆತ್ತಿಯ ಮೇಲೆ ಇರುವೆ ಸಾಲು.
ಚಂದ್ರ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ,
ಚಪ್ಪಲಿಯ ಉಂಗುಷ್ಟ ಕೂರುವ ಜಾಗದಲ್ಲಿ.
ಆಮೇಲೆ ಎಡಗಿವಿ. ಓಲೆ ಚುಚ್ಚಿತು.
ಹೊಡೆತದ ಗುರುತಿದ್ದ ಕಿವಿ ಅದು,
ಯಾರ ಕೈ ಅಂತ ಇಲ್ಲಿ ಹೇಳುವುದಿಲ್ಲ.
ಆದರೆ ಬೀಳದ ಹಾಗೆ ಎದೆ ಅವುಚಿ ಹಿಡಿದುಕೊಂಡು
ನನ್ನನ್ನು ಹೊಡೆದದ್ದು ಇದೊಂದೇ.
ಎರಡು ನಿಮಿಷ ಹತ್ತು ಸೆಕೆಂಡು.
ಮುಗಿದ ಮೇಲೆ ತಾನೇ ನಿಲ್ಲುತ್ತದೆ,
ಕೊಂಡಿ ತೆಗೆದು ಕಳಿಸಿಕೊಡುತ್ತದೆ.

ದಿನಾ ರಾತ್ರಿ ಗೂಡಿನಲ್ಲಿ ಒಂದೆರಡು ಜೋಡಿ ಉಳಿಯುತ್ತವೆ.
ಕಾಲಿದೆ ಅನ್ನುವುದನ್ನೇ ಮರೆತು
ಹರಿಹರದ ಬಸ್ಸು ಹತ್ತಿದವರದು.
ಎಂಥ ಜನ ಅಂತ ನಗುತ್ತಿದ್ದೆ.

ಅವತ್ತು ಮನೆ ಬಚ್ಚಲಲ್ಲಿ ಕಾಲು ತೊಳೆಯುವಾಗ
ಸೆರಗಿನ ಗಂಟು ಕೈಗೆ ಗಟ್ಟಿ ತಗುಲಿತು,
ಬಿಚ್ಚಿದೆ:
ನಲವತ್ತೊಂದು.