ಬಿಳಿ ಹಿನ್ನೆಲೆ

ಸೆಸ್ರಿಯೆಮ್ ಗೇಟು ದಾಟಿದ ಮೇಲೆ
ಟೈರುಗಳ ಗಾಳಿ ಅರ್ಧ ಬಿಟ್ಟಳು
ಮಗ್ದಲೇನಾ ಗೋವಸೆಸ್, ನಮ್ಮ ಡ್ರೈವರು:
"ಉಬ್ಬಿಕೊಂಡು ಬಂದವರನ್ನು
ಮರಳು ಮುಂದೆ ಬಿಡುವುದಿಲ್ಲ."

ನಾಲ್ಕು ದಿನ, ಒಂಬೈನೂರು ಚಿತ್ರ.
ದಿಬ್ಬದ ಏಣು,
ಅದರ ಒಂದು ಮಗ್ಗುಲಿಗಷ್ಟೇ ಬೆಳಗು.
ಸತ್ತು ಶತಮಾನಗಳಾದರೂ
ಬೀಳುವುದನ್ನು ಮರೆತು ನಿಂತ ಮರಗಳು.
ಕೊಳೆಯುವುದಕ್ಕೂ ಒಂದಿಷ್ಟು ತೇವ ಬೇಕಲ್ಲ,
ಎಂದಳು, ಬೂಟು ಕೊಡವುತ್ತ.

ನಾನು ಬೆಳಕಿಗೆ ಕಾದೆ.
ಅವಳು ನನಗೆ ಕಾದಳು,
ಬಾನೆಟ್ಟಿನ ಮೇಲೆ ಚಹದ ಫ್ಲಾಸ್ಕಿಟ್ಟು,
ಹೊತ್ತೇರಿದ್ದನ್ನು ಎತ್ತಿ ಆಡದೆ.

ಕೊನೆಯ ಸಂಜೆ ಕೇಳಿದಳು:
ಲೈಸೆನ್ಸು ಮುಗಿಯುತ್ತಿದೆ,
ಪಾಸ್‌ಪೋರ್ಟ್ ಸೈಜಿನದೊಂದು ತೆಗೆದುಕೊಡುತ್ತೀರಾ?
ಸ್ಟುಡಿಯೋಗೆ ಹೋಗಿಬರಲು ಒಂದು ದಿನದ ಕೂಲಿ.
ಹಿಂದೆ ಬಿಳಿಯೇ ಇರಬೇಕಂತೆ.
ನಗಬಾರದಂತೆ.

ಕಣ್ಣು ಹಾಯುವಷ್ಟೂ ಕೆಂಪು.
ಡೇರೆಯ ದುಪ್ಪಟಿ ತಂದು ಜೀಪಿಗೆ ಕಟ್ಟಿದೆ.
ಗಾಳಿ ಹೊಕ್ಕಿತು; ದುಪ್ಪಟಿ
ತುಂಬುಬಸುರಿಯಂತೆ ಉಬ್ಬಿ
ಅವಳ ಬೆನ್ನಿಗೆ ಗುದ್ದಿತು.
"ಇದರ ಗಾಳಿಯನ್ನೂ ಬಿಡಬೇಕು" ಎಂದಳು.

ಹನ್ನೊಂದು ಸಲ ಒತ್ತಿದೆ.
ಹನ್ನೊಂದರಲ್ಲೂ ನಕ್ಕಿದ್ದಾಳೆ,
ಕಿತ್ತ ದವಡೆಹಲ್ಲಿನ ಸಂದಿ ಕಾಣುವಷ್ಟು.

ಹನ್ನೆರಡನೆಯದು ಕಚೇರಿಗೆ ಹೋಯಿತು.