ಕೊನೆಯ ಹೆಸರು

ಆ ಫಾರಂ ಮುಂದಕ್ಕೆ ಹೋಗಲೇ ಇಲ್ಲ.
ಮೊದಲ ಹೆಸರು: ಮಾಬುನ್ನಿ.
ಕೊನೆಯ ಹೆಸರು:
ಖಾಲಿ ಜಾಗದ ಪಕ್ಕ ಕೆಂಪು ಚುಕ್ಕೆ ಹಟಹಿಡಿದು ಕೂತಿತು.

‘ಇರಾದೇ ಒಂದು ಹೆಸರಣ್ಣ,
ಅದ್ರಾಗೇ ಮೊದಲು, ಅದ್ರಾಗೇ ಕೊನೆ.’
ಗಂಡನದು ಹಾಕಲಾ ಅಂದೆ. ಬ್ಯಾಡ.
ಅಪ್ಪನದು?
ಫ್ಯಾನು ತಿರುಗುವುದನ್ನೇ ನೋಡಿದಳು.

ಕೌಲ್‌ಬಜಾರಿನ ರೈಲ್ವೆ ಗೇಟಿನ ಪಕ್ಕ ನನ್ನ ಡಿಟಿಪಿ ಅಂಗಡಿ.
ಲಗ್ನಪತ್ರ, ಬಾಡಿಗೆ ಕರಾರು, ಶ್ರದ್ಧಾಂಜಲಿ.
ಕವಿಗಳು ಬಂದರೆ ಅಡ್ವಾನ್ಸ್ ಮೊದಲು.
ಅನುಭವದ ಮಾತು, ನಾನೂ ಕವಿಯೇ:
ಇನ್ವರ್ಟರ್ ಬ್ಯಾಟರಿ ಕೂತಿದೆಯಲ್ಲ,
ಅದರ ಕೆಳಗಿನ ಕಟ್ಟುಗಳು ನನ್ನವು.
ಐನೂರು ಹಾಕಿಸಿದ್ದೆ, ಹೆಂಡತಿಯ ಚೀಟಿ ದುಡ್ಡಿನಲ್ಲಿ.
ಎಂಬತ್ತೊಂಬತ್ತು ಹಂಚಿದೆ, ಸಹಿ ಹಾಕಿ ಹಾಕಿ.
ಯಾರ ಯಾರ ಮನೆಯಲ್ಲಿ ಓದದೆ ಬಿದ್ದಿವೆ ಎಂದು
ವಿಳಾಸ ಸಮೇತ ಹೇಳಬಲ್ಲೆ.

ಅವಳು ತಂದದ್ದು ಜೀನ್ಸ್ ಯೂನಿಟ್ಟಿನ ಚಲನ್‌ಗಳು.
ಮುಂದೆ: ಸೈಜು ಮೂವತ್ತೆರಡು, ನೀಲಿ, ಹನ್ನೆರಡು ಡಜನ್.
ಹಿಂದೆ ಒಬ್ಬ ನಾದಿನಿ, ಕಳುವಾದ ಒಂದು ಬಾಬಿನ್,
ಬಣ್ಣದ ತೊಟ್ಟಿಯಲ್ಲಿ ನೀಲಿಗಟ್ಟಿದ ಕೈಯನ್ನು
ದುಪಟ್ಟಾದೊಳಗೆ ಮುಚ್ಚಿಕೊಂಡು
ಕಬೂಲ್ ಅಂದ ಹುಡುಗಿ.
ಹದಿಮೂರು ಕತೆ.
ಓದುತ್ತ ಓದುತ್ತ ಟೈಪು ಮಾಡುವುದೇ ಮರೆತೆ.
ಅದನ್ನು ಅವಳಿಗೆ ಹೇಳಲಿಲ್ಲ,
ಪುಟಕ್ಕೆ ಇಪ್ಪತ್ತು ಅಂದೆ, ಅಷ್ಟೆ.

ನುಡಿಯಲ್ಲಿ ಹೊಡೆದಿದ್ದೆ, ಇಪ್ಪತ್ತು ವರ್ಷದ ಚಾಳಿ.
ಆ ಕಂಪನಿಗೆ ಯೂನಿಕೋಡೇ ಆಗಬೇಕು.
ಬದಲಾಯಿಸಿದರೆ ಸೂರ್ಯ ಸೂಯರ್ ಆದ,
ದರ್ಜಿ ದಜಿರ್ ಆದ,
ಅರ್ಕಾವತ್ತೆಲ್ಲ ಎದ್ದು
ಹಿಂದಿನ ಸೀಟಿಗೆ ಹೋಗಿ ಕೂತುಬಿಟ್ಟಿತ್ತು.
ಮೂರು ರಾತ್ರಿ ಒಂದೊಂದನ್ನೇ ಹಿಡಿದು ತಂದೆವು.
ಪರದೆಗೆ ಬೆರಳಿಟ್ಟು ತೋರಿಸುವಳು:
‘ಇಲ್ಲೊಂದು ಹೊಲಿಗಿ ಬಿಟ್ಟೈತೆ ನೋಡು.’

ಎಲ್ಲ ಮುಗಿದು, ಈಗ ಈ ಕೊನೆಯ ಹೆಸರು.
ಯೂನಿಟ್ಟಿನಲ್ಲಿ ಏನಂತಾರೆ ನಿನಗೆ?
‘ಕಾಜಾ ಮಾಬುನ್ನಿ.’
ಒಂಬತ್ತು ವರ್ಷದಿಂದ ಕಾಜಾ ಮಿಷನ್ನು.
ಪ್ಯಾಂಟಿಗೊಂದು ತೂತು, ತೂತಿಗೆ ನಲವತ್ತು ಪೈಸೆ.
ಕಾಜಾ ಎಂದು ಹೊಡೆದೆ. ಫಾರಂ ಒಪ್ಪಿತು.
ಯಾವುದೋ ದೊಡ್ಡ ಮನೆತನ ಅಂದುಕೊಂಡಿರಬೇಕು.

ಮುಖಪುಟ ಅವರದೇ ಪುಕ್ಕಟೆ ನಮೂನೆ.
ಯಾವುದೋ ದೇಶದ ಸಮುದ್ರವನ್ನು ಆರಿಸಿದಳು,
ಬಣ್ಣ ಸರಿಯಾಗಿ ಹತ್ತಿದೆ ಎಂದು.
ಮುನ್ನುಡಿ ಯಾರದು ಎಂದು ಆ ಫಾರಂ ಕೇಳಲೇ ಇಲ್ಲ.
ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.
ಮುನ್ನುಡಿಗಾಗಿ ನಾನು ಧಾರವಾಡಕ್ಕೆ ನಾಲ್ಕು ಸಲ ಹೋದವನು.
ಇವಳು ಬಟನ್ ಒತ್ತಿ,
ಊಟದ ಡಬ್ಬಿ ಎತ್ತಿಕೊಂಡು ಪಾಳಿಗೆ ಹೋದಳು.

ಹನ್ನೆರಡು ದಿನ ಸೊನ್ನೆ.
ಹದಿಮೂರನೇ ದಿನ ಒಂದು.
ಅವಳ ಪಾಲು ಮೂವತ್ನಾಲ್ಕು ರೂಪಾಯಿ.
‘ಎಂಬತ್ತೈದು ಕಾಜಾ’ ಅಂದಳು, ನಾನು ಓದಿ ಮುಗಿಸುವುದರೊಳಗೆ.
ಆಮೇಲೆ ನನ್ನ ಮುಖ ನೋಡಿದಳು.
‘ಅಣ್ಣ, ನೀನೇ ತಗಂಡಿಯಾ?’
ಇಲ್ಲವ್ವ. ತಗೊಳ್ಳಬೇಕಂತ ಕೂತಿದ್ದೆ,
ಓಟಿಪಿ ಬರಲಿಲ್ಲ, ಕರೆಂಟು ಹೋಯಿತು,
ಆಮೇಲೆ ಮರೆತೆ. ಈ ಕೀಬೋರ್ಡಿನಾಣೆ.
‘ಹಂಗಾದ್ರೆ ಯಾರು?’
ಅವರು ಊರು ತೋರಿಸುವುದಿಲ್ಲ, ಹೆಸರೂ ಇಲ್ಲ.
ಬರೀ ಒಂದು.

ಗೇಟು ಬಿದ್ದಿತ್ತು. ಅದಿರಿನ ಗೂಡ್ಸು
ಅಂಗಡಿಯ ಗಾಜು ಗಡಗಡ ಮಾಡುತ್ತ ಹೋಗುತ್ತಲೇ ಇತ್ತು.
ಮುಗಿಯುವ ತನಕ
ಆ ಒಂದನ್ನೇ ನೋಡುತ್ತ ನಿಂತಿದ್ದಳು.
‘ಒಂಬತ್ತು ವರ್ಸದಾಗೆ
ಗುಂಡಿ ಹಾಕ್ಕೆಂಡೋರ ಮುಖ
ಒಂದೂ ನೋಡಿಲ್ಲಣ್ಣ ನಾನು.’

ಏಳನೇ ಕತೆಯಲ್ಲಿ ಇನ್ನೂ ಒಂದು ಸೂಯರ್ ಉಳಿದಿದೆ.
ಪ್ರಕಟವಾದ ಮೇಲೂ ತಿದ್ದಬಹುದಂತೆ, ಎರಡು ನಿಮಿಷದ ಕೆಲಸ.
ಅವಳು ಬೇಡ ಅಂದಳು.
ಆ ಒಬ್ಬರು ಓದಿರುವುದು
ಅದನ್ನೇ ಅಲ್ಲವೇ ಎಂದಳು.