ಮೊದಲ ಭಾರ

ಕೋಟೆ ರಸ್ತೆಯ ಚನ್ನವೀರ ಶೆಟ್ಟರ ದಿವಾನಖಾನೆಗೆ
ನಾಲ್ಕು ತಲೆಮಾರು ಕೆಲಸ ಮಾಡಿದ್ದೇವೆ.
ಒಳಗೆ ಕಾಲಿಟ್ಟದ್ದು ಮಾತ್ರ
ಈ ಏಪ್ರಿಲ್ಲಿನಲ್ಲಿ, ನಾನು.

ಆಗೆಲ್ಲ ಕುರ್ಚಿಗಳೇ ಹೊರಗೆ ಬರುತ್ತಿದ್ದವಂತೆ.
ಆಳುಗಳು ಹಿತ್ತಿಲ ಬಾಗಿಲಿಂದ ಎತ್ತಿ ತಂದು
ಹುಣಸೆಯ ಬುಡದಲ್ಲಿ ಅಂಗಾತ ಮಲಗಿಸುತ್ತಿದ್ದರು,
ಹೆರಿಗೆಗೆ ಬಂದವರ ಹಾಗೆ, ಕಾಲು ಮೇಲೆ.
ಅದಕ್ಕೇ ನಮ್ಮ ಮೇದಾರ ಕೇರಿಗೆ ಗೊತ್ತಿದ್ದದ್ದು
ಬೀಟೆ ಕುರ್ಚಿಯ ಹೊಟ್ಟೆಯಡಿ ಮಾತ್ರ:
ಚೌಕಟ್ಟಿನ ಸುತ್ತ ಎಂಬತ್ತನಾಲ್ಕು ತೂತು,
ಪಾಲಿಶ್ ಕಾಣದ ಒರಟು ಮರ, ಉಳಿಯ ಗೀರು,
ಒಂದು ಮೂಲೆಗೆ ಯಾವ ಕಾಲದ ಕೂಸೋ ಒರೆಸಿದ
ಹಲಸಿನ ಅಂಟು.

ಬಾಗಿಲ ಮೇಲೆ ೧೮೭೮ ಅಂತ ಕೆತ್ತಿದೆ.
ಈಗ ಮನೆ ಸರ್ಕಾರದ್ದು.
ಇಲಾಖೆಯ ಹುಡುಗ ನಿರಂಜನ ಪಟ್ಟಿ ಹಿಡಿದು ಓದಿದ:
ಬೆಲ್ಜಿಯಂ ಕನ್ನಡಿ ಒಂದು, ಬಿರುಕಿದೆ.
ತೂಗುದೀಪ ಒಂದು, ಲೋಲಕ ನೂರಾ ಹನ್ನೆರಡು, ಒಂಬತ್ತು ಇಲ್ಲ.
ನಿಲುಗಡಿಯಾರ, ನಿಂತಿದೆ. ಓದಿ ತಾನೇ ನಕ್ಕ.
ಕುರ್ಚಿ ಏಳು, ಬೆತ್ತ ಹರಿದಿದೆ.
ಬೆತ್ತ ಹರಿಯೋದಲ್ಲಪ್ಪ, ಬಾಯಾರೋದು,
ಹಾಗಂತ ಬರಿ ಅಂದೆ.
ಬರೆಯಲಿಲ್ಲ.

ತಲೆಗಿಂತ ಮೇಲೆ ಗೋಡೆಯಲ್ಲೊಂದು ತೂತು,
ಪಂಖದ ಹಗ್ಗ ಜಗಲಿಗೆ ಹೋಗಲು.
ಎಳೆಯುತ್ತ ಕೂತವನಿಗೆ ಒಳಗಿನ ನಗು ಕೇಳುತ್ತಿತ್ತೋ ಏನೋ,
ಗಾಳಿಯಂತೂ ಹೋಗುತ್ತಿರಲಿಲ್ಲ.
ಆ ತೂತಿಗೆ ಪಟ್ಟಿಯಲ್ಲಿ ನಂಬರಿಲ್ಲ.

ಐದನೇ ಕುರ್ಚಿ ಬಿಚ್ಚುವಾಗ ಕೈ ತಡೆಯಿತು.
ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು.
ನಮ್ಮಲ್ಲಿ ಎಡಚಿ ಒಬ್ಬಳೇ, ಅಜ್ಜನ ಅಕ್ಕ ಪುಟ್ಟೀರಮ್ಮ,
ಎಡಗೈಲಿ ಉಂಡಳೆಂದು ಅತ್ತೆಯಿಂದ ಬೈಸಿಕೊಂಡವಳು,
ಆ ಕೈಯಲ್ಲೇ ಹೆಣೆದು ಅತ್ತೆಯ ಅನ್ನ ನಡೆಸಿದವಳು.
ಫೋಟೋ ಇಲ್ಲ ಅವಳದ್ದು. ಆರು ಗಂಟಿದ್ದವು.
ಐದು ಬಿಚ್ಚಿದೆ.
ಒಂದನ್ನು ಹಾಗೇ ಬಿಟ್ಟು
ಪಕ್ಕದಲ್ಲೇ ನನ್ನ ಎಳೆ ಹಾಯಿಸಿದೆ.

ಹನ್ನೊಂದು ದಿನ. ಹಂಡೆಯಲ್ಲಿ ನೆನೆದ ಬೆತ್ತದ ವಾಸನೆ
ಪಾಲಿಶಿನ ವಾಸನೆಯ ಜತೆ ಜಗಳವಾಡಿ ಗೆದ್ದಿತು.

ಶನಿವಾರ ಸಂಜೆ ನಿರಂಜನ ಕೆಂಪು ಹಗ್ಗ ತಂದ,
ಹಿತ್ತಾಳೆಯ ಗೂಟ ನಾಲ್ಕು, ಒಂದು ಫಲಕ:
ಆಸನಗಳ ಮೇಲೆ ಕೂರಬಾರದು.
ತಾಳಪ್ಪ, ಅಂದೆ. ನಮ್ಮ ಕಸುಬಿನದ್ದೊಂದು ಕ್ರಮ ಇದೆ,
ಹಸಿ ಆರುವ ಮುಂಚೆ ಮೊದಲ ಭಾರ ಹೆಣೆದವರದ್ದು.
ಇಲ್ಲದಿದ್ದರೆ ನಾರಿಗೆ ತನ್ನ ಜಾಗ ತಿಳಿಯೋದಿಲ್ಲ.

(ಕ್ರಮ ನಿಜವೇ. ಹುಣಸೆಯಡಿ ನೆಟ್ಟಗೆ ನಿಲ್ಲಿಸಿ
ಯಾರೂ ನೋಡದ ಗಳಿಗೆಯಲ್ಲಿ
ಕೂತು ಎದ್ದುಬಿಡುತ್ತಿದ್ದರು.)

ಕೂತೆ. ಏಳರಲ್ಲೂ, ಒಂದೊಂದರಲ್ಲಿ.
ಬೆತ್ತ ಕಿರ್ರೆಂದು, ಸುಮ್ಮನಾಗಿ, ಹಿಡಿದುಕೊಂಡಿತು.
ಆ ಕನ್ನಡಿಯನ್ನು ಯಾಕೆ ಅಷ್ಟು ಮುಂದಕ್ಕೆ
ಬಾಗಿಸಿ ತೂಗುಹಾಕಿದ್ದಾರೆ ಅಂತ ಆಗ ತಿಳಿಯಿತು.
ಹೊಸ್ತಿಲಲ್ಲಿ ನಿಂತವರಿಗೆ ಅದರಲ್ಲಿ ಬರೀ ಜಮಖಾನ.
ಕೂತವರಿಗೆ ಕೂತವರ ಮುಖ.
ಬಿರುಕಿನ ಆಚೆ ಒಂದು ಕಿವಿ, ಈಚೆ ಉಳಿದ ನಾನು,
ಬೆವರಿಗೆ ಇಳಿದ ಕುಂಕುಮ,
ಸೊಂಟದಲ್ಲಿ ಕತ್ತರಿ.

ಫೋಟೋ ತೆಗೀಲಾ ಅಕ್ಕಾ, ಅಂದ ಹುಡುಗ.
ತೆಗೆಯೋದಾದರೆ ಕುರ್ಚಿಯ ಅಡಿ ತೆಗಿ, ಅಂದೆ.
ಅವನು ಬಗ್ಗಿ ಹುಡುಕುವಷ್ಟು ಹೊತ್ತು
ಐದನೆಯದರಲ್ಲಿ ಇನ್ನೊಮ್ಮೆ ಕೂತೆ,
ಸ್ವಲ್ಪ ಎಡಕ್ಕೆ ವಾಲಿ.